ರೇಪ್ ಬೆಳೆಯ ಹೊಲದ ಬದುವಿನಲ್ಲಿ ಮರಸು ಕೂತು

ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಪರಿಚಯದ ರೈತರೊಬ್ಬರ ಹೊಲದಲ್ಲಿ ನಾನು ಪ್ರತಿ ವರ್ಷ ಚಳಿಗಾಲದ ಕೊನೆಗೆ ಕಾಡುಪಾರಿವಾಳ ಹೊಡೆಯುತ್ತೇನೆ. ನಾನು ಹುಟ್ಟಿ ಬೆಳೆದದ್ದು ಸೋಮವಾರಪೇಟೆಯ ಕಡೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯೊಂದು ಮನೆಯಲ್ಲಿದ್ದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ನನ್ನ ಕಾಲಕ್ಕೆ ಶಿಕಾರಿಯೆಂಬುದು ಹಿರಿಯರ ಬಾಯಿಯ ಕಥೆಯಾಗಿ ಮಾತ್ರ ಉಳಿದಿತ್ತು. ಹಾಗಾಗಿ ಹಾರುವ ಹಕ್ಕಿಗೆ ಗುರಿಯಿಡಲು ನಾನು ಕಲಿತದ್ದು ಇಲ್ಲಿಗೆ ಬಂದ ಮೇಲೆ, ಅದೂ ನಲವತ್ತು ದಾಟಿದ ಬಳಿಕ.

ಇಲ್ಲಿಯೂ ಬರಿಯ ಮೋಜಿಗೆಂದು ಪಾರಿವಾಳ ಹೊಡೆಯುವಂತಿಲ್ಲ. ಪೊಲೀಸರಿಂದ ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಕೋವಿಯ ಪ್ರಮಾಣಪತ್ರ, ಜಮೀನಿನ ಒಡೆಯರ ಒಪ್ಪಿಗೆ ಇವೆರಡಲ್ಲದೆ, ಬೆಳೆಗೆ ಗಂಭೀರ ಹಾನಿಯಾಗುತ್ತಿದೆ ಎಂಬ ಕಾರಣವೂ ಬೇಕು. ಬೆರ್ಚಪ್ಪ, ಸದ್ದು ಮಾಡುವ ಗ್ಯಾಸ್ ಯಂತ್ರ ಮುಂತಾದ ಉಪಾಯಗಳಿಗೂ ಮೊದಲು ಅವಕಾಶ ಕೊಟ್ಟಿರಬೇಕು. ನಮ್ಮ ಸಾಸಿವೆಯ ದಾಯಾದಿಯಾದ ರೇಪ್ ಬೆಳೆಯ ಎಲೆಯನ್ನು, ಬೇರೆ ಮೇವು ಮುಗಿದ ಚಳಿಗಾಲದಲ್ಲಿ, ನೂರಾರು ಹಕ್ಕಿಗಳು ಇಳಿದು ಕಡ್ಡಿ ಮಾತ್ರ ಉಳಿಯುವಂತೆ ಕಿತ್ತು ತಿನ್ನುವುದನ್ನು ಕಂಡವರಿಗೆ ಈ ಕಾರಣವನ್ನು ವಿವರಿಸಬೇಕಾಗಿಲ್ಲ.

ನಾನು ಮೊದಲು ಕೈಗೆತ್ತಿಕೊಳ್ಳುವುದು ಕೋವಿಯನ್ನಲ್ಲ, ದುರ್ಬೀನನ್ನು. ಹಿಂದಿನ ದಿನ ಇಡೀ ಮಧ್ಯಾಹ್ನ ಕಾರಿನಲ್ಲಿ ಕುಳಿತು, ಹಕ್ಕಿಗಳು ಯಾವ ತೋಪಿನಿಂದ ಏಳುತ್ತವೆ, ಯಾವ ಬೇಲಿಯ ಸಾಲನ್ನು ಹಿಡಿದು ಹಾರುತ್ತವೆ, ಹೊಲದ ಯಾವ ಮೂಲೆಯಲ್ಲಿ ಇಳಿಯುತ್ತವೆ ಎಂದು ನೋಡುತ್ತೇನೆ. ಅವು ಮೇಯುತ್ತಿರುವ ಜಾಗವನ್ನು ಬಿಟ್ಟು ನಮಗೆ ಅನುಕೂಲವಾದ ಕಡೆ ಕುಳಿತರೆ ದಿನವೆಲ್ಲ ಬರಿದೇ ಚಳಿಯಲ್ಲಿ ನಡುಗಬೇಕಾಗುತ್ತದೆ.

ಗಾಳಿಯ ಪಾಠವನ್ನು ನಾನು ಕಲಿತದ್ದು ಮೊದಲ ದಿನವೇ. ಪಾರಿವಾಳ ಇಳಿಯುವುದು ಗಾಳಿಗೆ ಎದುರಾಗಿ; ಆದ್ದರಿಂದ ಗಾಳಿ ನಮ್ಮ ಬೆನ್ನಿಗಿರಬೇಕು. ಒಣನೆಲ ಸಿಕ್ಕಿತೆಂಬ ಒಂದೇ ಆಸೆಗೆ ನಾನು ಗಾಳಿ ಮುಖಕ್ಕೆ ಬಡಿಯುವ ಬದುವಿನಲ್ಲಿ ಕುಳಿತಿದ್ದೆ. ಹಕ್ಕಿಗಳೆಲ್ಲ ಬೆನ್ನ ಹಿಂದಿನಿಂದ ಬಂದು, ನಾನು ತಿರುಗುವಷ್ಟರಲ್ಲಿ ನನ್ನನ್ನು ಕಂಡು ಚದುರಿದವು. 27 ತೋಟಾ ಖರ್ಚಾಗಿ ಸಿಕ್ಕಿದ್ದು 3 ಹಕ್ಕಿ.

ಈಗ ಬೇಲಿಗೆ ಒತ್ತಿಕೊಂಡು, ಎದೆಯೆತ್ತರಕ್ಕೆ ಹಸಿರು ಬಲೆ ಕಟ್ಟಿ ಮರಸು ಮಾಡಿಕೊಳ್ಳುತ್ತೇನೆ. ಅಲ್ಲಿಂದ ಇಪ್ಪತ್ತೈದು ಹೆಜ್ಜೆ ದೂರದಲ್ಲಿ ಹತ್ತು ಹನ್ನೆರಡು ಪ್ಲಾಸ್ಟಿಕ್ ಹಕ್ಕಿಗಳನ್ನು ಕುದುರೆಯ ಲಾಳದ ಆಕಾರದಲ್ಲಿ, ತಲೆ ಹೆಚ್ಚುಕಡಿಮೆ ಗಾಳಿಯ ಕಡೆಗಿರುವಂತೆ ಊರುತ್ತೇನೆ. ಲಾಳದ ಬಾಯಿ ಗಾಳಿ ಹೋಗುವ ದಿಕ್ಕಿಗೆ ತೆರೆದಿರಬೇಕು. ಬರುವ ಹಕ್ಕಿ ಆ ಖಾಲಿ ಜಾಗದಲ್ಲಿಯೇ ಇಳಿಯಲು ನೋಡುತ್ತದೆ. ಹಳಗನ್ನಡದಲ್ಲಿ ಇಂಥ ಆಮಿಷದ ಮೃಗಪಕ್ಷಿಗಳಿಗೆ ದೀವ ಎಂಬ ಚೊಕ್ಕ ಮಾತಿತ್ತು, ನಾವೇ ಅದನ್ನು ಮರೆತಿದ್ದೇವೆ. ಬೆನ್ನಡಿಯಾಗಿ ಬಿದ್ದ ಹಕ್ಕಿಯನ್ನು ಹಾಗೆಯೇ ಬಿಟ್ಟರೆ ಉಳಿದವು ಮೇಲಿನಿಂದಲೇ ಹೆದರಿ ತಿರುಗುತ್ತವೆ. ಬಿಡುವು ಸಿಕ್ಕಿದಾಗ ಎದ್ದು ಹೋಗಿ, ಅದರ ಗದ್ದದ ಕೆಳಗೆ ಕಡ್ಡಿಯೂರಿ, ಮೇಯುತ್ತಿರುವಂತೆ ಕೂರಿಸಬೇಕು.

ಹೊಡೆಯುವ ಮಾತು ಚಿಕ್ಕದು. ಹನ್ನೆರಡು ಬೋರಿನ ಜೋಡಿನಳಿಗೆ ಕೋವಿ, ತೋಟಾ ಒಂದಕ್ಕೆ ಒಟ್ಟು 28 ಗ್ರಾಂ ತೂಕದ ಆರನೇ ನಂಬರಿನ ಚರೆ, ಅಂದರೆ ಸಣ್ಣ ಗುಂಡುಗಳು, ನನಗೆ ಸಾಕು. ಮೂವತ್ತೈದು ಗಜ ಮೀರಿದ ಹಕ್ಕಿಗೆ ನಾನು ಈಡು ಹಾರಿಸುವುದಿಲ್ಲ, ಗಾಯಗೊಂಡು ಹೋಗಿ ಎಲ್ಲೋ ಸಾಯುವುದನ್ನು ನೋಡಲಾರೆ. ರೆಕ್ಕೆಯ ಬಿಳಿಪಟ್ಟಿ ಕಣ್ಣಿಗೆ ಬೀಳುವವರೆಗೆ ಕೋವಿಯನ್ನು ಭುಜಕ್ಕೂ ಏರಿಸುವುದಿಲ್ಲ. ಅದೇ ಬೂದುಬಣ್ಣದ, ಆದರೆ ಬಿಳಿಯಿಲ್ಲದ, ಸ್ವಲ್ಪ ಚಿಕ್ಕದಾದ ಸ್ಟಾಕ್ ಡವ್ ಎಂಬ ಹಕ್ಕಿಯೂ ಇದೇ ಹಿಂಡಿನೊಡನೆ ಬರುತ್ತದೆ. ಅದಕ್ಕೆ ಕಾನೂನಿನ ರಕ್ಷಣೆಯಿದೆ.

ಕಾಡುಪಾರಿವಾಳದ ತೂಕ ಸುಮಾರು ಅರ್ಧ ಕಿಲೋ ಇದ್ದರೂ ತಿನ್ನಲು ಬರುವುದು ಹೆಚ್ಚಾಗಿ ಎದೆಯ ಮಾಂಸವೇ. ಪುಕ್ಕ ಎಷ್ಟು ಸಡಿಲವೆಂದರೆ ಹೆಬ್ಬೆರಳಿನಿಂದ ಒತ್ತಿದರೆ ಹಿಡಿಹಿಡಿಯಾಗಿ ಬರುತ್ತದೆ. ಎದೆಮೂಳೆಯ ಎರಡೂ ಬದಿಯಲ್ಲಿ ಚಾಕುವಿನ ಮೊನೆ ಇಳಿಸಿದರೆ ಕುರಿಯ ಈಲಿಯಷ್ಟು ಕಡುಗೆಂಪಿನ ಎರಡು ತುಂಡು ಸಿಗುತ್ತವೆ. ನೀಲಿಗಟ್ಟಿದ ತೂತು ಕಂಡಲ್ಲಿ ಒತ್ತಿ ನೋಡಬೇಕು, ಚರೆಯ ಜೊತೆಗೆ ಒಂದೆರಡು ಪುಕ್ಕವೂ ಒಳಗೆ ಹೊಕ್ಕಿರುತ್ತದೆ. ಊರಿನ ಅಭ್ಯಾಸದಂತೆ ಮೊದಲ ಸಲ ಮುಕ್ಕಾಲು ಗಂಟೆ ಬೇಯಿಸಿದೆ. ಅದು ಚಪ್ಪಲಿಯ ಅಟ್ಟೆಯಾಯಿತು. ಈಗ ಉಪ್ಪು, ಕುಟ್ಟಿದ ಕಾಳುಮೆಣಸು ಸವರಿ, ಚೆನ್ನಾಗಿ ಕಾದ ಕಾವಲಿಯ ಮೇಲೆ ಬೆಣ್ಣೆಯಲ್ಲಿ ಒಂದೊಂದು ಮಗ್ಗುಲಿಗೆ ಎರಡೆರಡು ನಿಮಿಷ ಇಟ್ಟು, ಇಳಿಸಿ, ಐದು ನಿಮಿಷ ಮುಚ್ಚಿಡುತ್ತೇನೆ. ತಟ್ಟೆಯಲ್ಲಿ ಇಳಿದ ರಸಕ್ಕೆ ಊರಿನಿಂದ ತಂದ ಕಾಚಂಪುಳಿ ಎಂಬ ಕಪ್ಪು ಹುಳಿರಸವನ್ನು ನಾಲ್ಕೇ ಹನಿ ಬೆರೆಸಿ ಮೇಲೆ ಸುರಿಯುತ್ತೇನೆ. ಐದನೆಯ ಹನಿ ಬಿದ್ದರೆ ಹುಳಿ ಹೆಚ್ಚಾಗುತ್ತದೆ.