ನನ್ನ ವೈಝಡ್ 125ಕ್ಕೆ ಸ್ಪ್ರಿಂಗ್ ಬದಲಿಸಿದ ಕಥೆ

ದಾವಣಗೆರೆಯಲ್ಲಿ ಅಪ್ಪನ ಆರ್‌ಎಕ್ಸ್ 100 ಓಡಿಸಿಕೊಂಡು ಬೆಳೆದವನು ನಾನು. ಹಾಗಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದು ಮೋಟೋಕ್ರಾಸ್, ಅಂದರೆ ಮಣ್ಣಿನ ಟ್ರ್ಯಾಕ್ ಮೇಲಿನ ಬೈಕ್ ರೇಸ್, ಶುರು ಮಾಡಿದಾಗ ಯಮಹಾ ಟೂ ಸ್ಟ್ರೋಕ್ ಬಿಟ್ಟು ಬೇರೇನೂ ತಲೆಗೇ ಬರಲಿಲ್ಲ. ವೈಝಡ್ 125 ತಗೊಂಡೆ. ಪೆಟ್ರೋಲ್ ತುಂಬಿಸಿದರೂ ತೂಕ ಸುಮಾರು 95 ಕೆಜಿ, ಅಲ್ಯೂಮಿನಿಯಂ ಫ್ರೇಮ್. ಹೆಡ್‌ಲೈಟ್ ಇಲ್ಲ, ಸೆಲ್ಫ್ ಇಲ್ಲ, ಕಿಕ್ಕರ್ ಒಂದೇ. ಆರ್‌ಎಕ್ಸ್ 11 ಕುದುರೆ ಶಕ್ತಿ ಕೊಡುತ್ತಿತ್ತು, ಇದು ಹತ್ತಿರ ಹತ್ತಿರ 35! ಎಕ್ಸಾಸ್ಟ್ ಪೋರ್ಟಿನಲ್ಲಿ, ಅಂದರೆ ಸಿಲಿಂಡರಿನಿಂದ ಹೊಗೆ ಹೊರಗೆ ಹೋಗುವ ಕಿಂಡಿಯಲ್ಲಿ, ಪವರ್ ವಾಲ್ವ್ ಇದೆ. ಆರ್‌ಪಿಎಂ ಕಮ್ಮಿ ಇದ್ದಾಗ ಅದು ಪೋರ್ಟಿನ ಮೇಲ್ಭಾಗ ಮುಚ್ಚಿಕೊಂಡಿರುತ್ತದೆ, ಏರಿದ ಹಾಗೆ ತೆರೆದುಕೊಳ್ಳುತ್ತದೆ. ಆಗ ಎಳೆಯುತ್ತದೆ ನೋಡಿ, ಅದು ಬೇರೆಯೇ ಮಜಾ.

ಆದರೆ ಗ್ಲೆನ್ ಹೆಲೆನ್ ಟ್ರ್ಯಾಕ್‌ನಲ್ಲಿ ತಿರುವು ಬಂದಾಗಲೆಲ್ಲ ಮುಂದಿನ ಚಕ್ರ ಹಿಡಿತ ಬಿಟ್ಟು ಹೊರಗೆ ಜಾರುತ್ತಿತ್ತು. ನನಗೇ ಓಡಿಸಲು ಬರುತ್ತಿಲ್ಲ ಅಂತ ಮೂರು ತಿಂಗಳು ಅಂದುಕೊಂಡೆ. ಕೊನೆಗೆ ಸ್ಯಾಗ್ ಅಳೆದೆ. ಅಂದರೆ ನಾವು ಕೂತಾಗ ಬೈಕಿನ ಹಿಂಭಾಗ ಎಷ್ಟು ಕುಸಿಯುತ್ತದೆ ಅನ್ನುವ ಲೆಕ್ಕ. ಬೈಕನ್ನು ಸ್ಟ್ಯಾಂಡ್ ಮೇಲೆ ಎತ್ತಿಟ್ಟು, ಹಿಂದಿನ ಆಕ್ಸಲ್‌ನಿಂದ ಮಡ್‌ಗಾರ್ಡ್ ಮೇಲೆ ಹಾಕಿದ ಗುರುತಿಗೆ ಟೇಪ್ ಹಿಡಿದರೆ 600 ಮಿಮೀ. ಆಮೇಲೆ ಕೆಳಗಿಳಿಸಿ ಹೆಲ್ಮೆಟ್, ಬೂಟು ಎಲ್ಲಾ ಹಾಕಿಕೊಂಡು ಹತ್ತಿ ಕೂತೆ. ಟೇಪ್ ಹಿಡಿದಿದ್ದ ನನ್ನ ಹೆಂಡತಿ, "ಅಲ್ಲಾಡಬ್ಯಾಡ್ರೀ, ಟೇಪ್ ಜಾರ್ತೈತಿ" ಅಂದಳು. 472 ಬಂತು. 128 ಮಿಮೀ ಕುಸಿತ! ಇರಬೇಕಾದ್ದು 100ರ ಆಸುಪಾಸು. ಹಿಂಭಾಗ ಅಷ್ಟು ಕೂತುಬಿಟ್ಟರೆ ಮುಂದಿನ ಚಕ್ರದ ಮೇಲೆ ಭಾರ ಎಲ್ಲಿಂದ ಬರಬೇಕು, ಅಲ್ವಾ?

ಹಿಂದಿನ ಶಾಕ್ ಅಬ್ಸಾರ್ಬರ್ ಮೇಲೆ ಸ್ಪ್ರಿಂಗ್ ಅದುಮುವ ರಿಂಗ್ ಇರುತ್ತದೆ, ಅದನ್ನು ಬಿಗಿ ಮಾಡುತ್ತಾ ಕುಸಿತವನ್ನು 102ಕ್ಕೆ ತಂದೆ. ಕೆಲಸ ಮುಗೀತು ಅಂದುಕೊಂಡು ಸುಮ್ನೆ ಇನ್ನೊಂದು ಅಳತೆ ನೋಡಿದೆ. ನಾನು ಕೂರದೆ, ಬೈಕ್ ತನ್ನ ಭಾರಕ್ಕೇ ಎಷ್ಟು ಇಳಿಯುತ್ತದೆ ಅಂತ. ಬರೀ 12 ಮಿಮೀ. ಅದು 30ರಿಂದ 40 ಇರಬೇಕು. ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ, ಇಳಿತ ಕಮ್ಮಿ ಅಂದರೆ ಸ್ಪ್ರಿಂಗ್ ಗಟ್ಟಿ ಅಂತ. ನಿಜ ಉಲ್ಟಾ. ನನ್ನ 88 ಕೆಜಿಗೆ ಆ ಸ್ಪ್ರಿಂಗ್ ಮೆದು, ಅದಕ್ಕೇ ರಿಂಗ್ ತಿರುಗಿಸಿ ಅದನ್ನು ಅಷ್ಟು ಅದುಮಬೇಕಾಯ್ತು. ಮೊದಲೇ ಅಷ್ಟು ಅದುಮಿದ ಸ್ಪ್ರಿಂಗ್ ಬರೀ ಬೈಕಿನ ಭಾರಕ್ಕೆ ಹೆಚ್ಚು ಇಳಿಯುವುದಿಲ್ಲ. ಶಾಕ್ ಬಿಚ್ಚಿ ಗಟ್ಟಿ ಸ್ಪ್ರಿಂಗ್ ಹಾಕಿದೆ. ಈಗ ಕೂತರೆ 102, ಕೂರದಿದ್ದರೆ 34.

ಮರುವಾರ ಅದೇ ತಿರುವಿನಲ್ಲಿ ಮುಂದಿನ ಚಕ್ರ ಗೆರೆ ಎಳೆದ ಹಾಗೆ ಒಳಗೇ ನಿಂತಿತು. ಫೋರ್ಕ್‌ನಲ್ಲಿ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ) ಮಾತ್ರ ಇನ್ನೂ ಹಳೇ ಸ್ಪ್ರಿಂಗೇ ಇದೆ. ದೊಡ್ಡ ಜಂಪ್ ಇಳಿದಾಗ ತಳಕ್ಕೆ ಬಡಿಯುತ್ತದೆ, ಮುಂದಿನ ತಿಂಗಳು ಅದನ್ನೂ ಬಿಚ್ಚಬೇಕು.