ತಾರಸಿ ಮಳೆಗೆ ಒಂದು ಇಂಗುಬಾವಿ

ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು 2009ರಿಂದ ಕಾನೂನು. ನಾವು ಮಾತ್ರ ಮೊದಲು ಪೈಪ್ ಹಾಕಿಸಿ ಸುಮ್ನೆ ಮೋರಿಗೆ ಬಿಟ್ಟಿದ್ದೆವು. ಆಮೇಲೆ ಬೋರ್‌ವೆಲ್ ಒಣಗಿತು, ಬುದ್ಧಿ ಬಂತು.

ಮೊದಲು ಲೆಕ್ಕ ಹಾಕಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ 1000 ಚದರಡಿ, ಅಂದರೆ ಸುಮಾರು 93 ಚದರ ಮೀಟರ್. ಊರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್. ಹತ್ತಿರ ಹತ್ತಿರ 90 ಸಾವಿರ ಲೀಟರ್! ಎಷ್ಟು ಟ್ಯಾಂಕರ್ ಆಯ್ತು, ನೀವೇ ಎಣಿಸಿ.

ಈ ನೀರನ್ನು ನೆಲದೊಳಗೆ ಇಂಗಿಸಲು ತೋಡುವ ಬಾವಿಯೇ ಇಂಗುಬಾವಿ. ಅದನ್ನು ತೋಡಲು ಬಾವಿ ತೋಡುವುದೇ ಕಸುಬಾದ ಮಣ್ಣು ವಡ್ಡರನ್ನೇ ಕರೆಸಿ. ನೆಲದ ಗುಣ ಅವರಿಗೆ ಗೊತ್ತು. ನಮ್ಮದು ಮೂರಡಿ ಅಗಲ, 20 ಅಡಿ ಆಳ. ತುಂಬಿದರೆ ಸುಮಾರು 4000 ಲೀಟರ್ ಹಿಡಿಯುತ್ತದೆ. ಸಿಮೆಂಟ್ ರಿಂಗ್ ಇಳಿಸುವಾಗ ಸಂದಿಗೆ ಗಾರೆ ಮೆತ್ತಲು ಬಿಡಬೇಡಿ. ನಮ್ಮ ಮೇಸ್ತ್ರಿ ಅಂದವಾಗಿ ಮೆತ್ತಿಬಿಟ್ಟಿದ್ದರು, ನಾನೇ ಕೂತು ಕೆರೆಸಿದೆ. ನೀರು ಇಂಗಬೇಕು, ಅಲ್ವಾ? ರಿಂಗಿನ ಸುತ್ತ ಜಲ್ಲಿ ತುಂಬಿಸಿ. ತಳಕ್ಕೆ ಕಾಂಕ್ರೀಟ್ ಬೇಡ.

ಪಾಯಿಖಾನೆ ಗುಂಡಿ, ಒಳಚರಂಡಿ ಪೈಪಿನಿಂದ ದೂರವಿರಲಿ. ವರ್ಷದ ಮೊದಲ ಮಳೆಯನ್ನು ಹೊರಗೆ ಬಿಡಿ, ಧೂಳು, ಪಾರಿವಾಳದ ಹಿಕ್ಕೆ ಜಾಸ್ತಿ. ಮುಚ್ಚಳ ಗಟ್ಟಿಯಾಗಿರಲಿ, ಮಕ್ಕಳಿರುವ ಮನೆಯಲ್ಲಂತೂ ಬೀಗವೂ ಬೇಕು.

ಕಣ್ಣಾರೆ ನೋಡಿ ಕಲಿಯಬೇಕೆಂದರೆ ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲಿನ ಪಾರ್ಕ್ ಇದೆ. ಏಪ್ರಿಲ್‌ನಲ್ಲೇ ಹೋಗಿಬನ್ನಿ, ಮುಂಗಾರಿಗೆ ಮೊದಲು ಬಾವಿ ಮುಗಿಯುತ್ತದೆ.