ಡಂಪಿಂಗ್ ದೂರಿನ ಅರ್ಜಿ: ಲೆಕ್ಕ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ

ಹೊರಗಿನ ಸರಕು ಅಗ್ಗ ಎಂದ ಮಾತ್ರಕ್ಕೆ ಆ್ಯಂಟಿ-ಡಂಪಿಂಗ್ ಸುಂಕ ಬೀಳುವುದಿಲ್ಲ. ಡಂಪಿಂಗ್ ಎಂದರೆ ರಫ್ತುದಾರರು ತಮ್ಮ ದೇಶದಲ್ಲಿ ಮಾರುವ ಬೆಲೆಗಿಂತ ಅಗ್ಗವಾಗಿ ಹೊರದೇಶಕ್ಕೆ ಮಾರುವುದು; ಅದರ ವಿರುದ್ಧ ಆಮದಿನ ಮೇಲೆ ಹಾಕುವ ಹೆಚ್ಚುವರಿ ತೆರಿಗೆಯೇ ಈ ಸುಂಕ. ಡಂಪಿಂಗ್ ನಡೆದಿದೆ, ದೇಶೀಯ ಉದ್ಯಮಕ್ಕೆ ಪೆಟ್ಟು ಬಿದ್ದಿದೆ, ಆ ಪೆಟ್ಟಿಗೆ ಡಂಪಿಂಗೇ ಕಾರಣ ಎಂಬ ಮೂರನ್ನೂ ತೋರಿಸಬೇಕು. ಅರ್ಜಿ ಸಿದ್ಧಪಡಿಸುವಾಗ ನನ್ನ ಹೆಚ್ಚು ಹೊತ್ತು ಹೋಗುವುದು ಮೂರನೆಯದಕ್ಕೆ.

ಮೊದಲು ಅರ್ಹತೆ ನೋಡಿಕೊಳ್ಳುತ್ತೇನೆ. ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದದಂತೆ, ಅರ್ಜಿಯನ್ನು ಬೆಂಬಲಿಸುವ ತಯಾರಕರ ಪಾಲು ದೇಶದ ಒಟ್ಟು ಉತ್ಪಾದನೆಯ ಶೇ 25ಕ್ಕಿಂತ ಕಡಿಮೆ ಇರಬಾರದು. ಪರ ಅಥವಾ ವಿರೋಧ ಹೇಳಿದವರ ಉತ್ಪಾದನೆಯಲ್ಲಿ ಅವರದು ಶೇ 50 ದಾಟಬೇಕು. ಅದೇ ಸರಕನ್ನು ತಾನೂ ಆಮದು ಮಾಡಿಕೊಳ್ಳುವ ತಯಾರಕರನ್ನು ಈ ಲೆಕ್ಕದಿಂದ ತೆಗೆದುಹಾಕಲು ಅವಕಾಶವಿದೆ. ಹಾಗಾಗಿ ಸಹಿ ಹಾಕುವ ಪ್ರತಿ ಕಂಪನಿಯ ಆಮದು ಕಡತವನ್ನು ಮೊದಲೇ ತರಿಸಿಕೊಳ್ಳುತ್ತೇನೆ.

ಬೆಲೆಯನ್ನು ಕಾರ್ಖಾನೆ ಬಾಗಿಲಿನ ಮಟ್ಟಕ್ಕೆ ಇಳಿಸಿಯೇ ಹೋಲಿಸಬೇಕು. ಉದಾಹರಣೆಗೆ, ರಫ್ತುದಾರರ ದೇಶದಲ್ಲಿ ಟನ್ನಿಗೆ 120 ಡಾಲರ್. ಸಾಗಣೆ 8, ರಿಯಾಯಿತಿ 2, ಸಾಲದ ಬಡ್ಡಿ 2 ಕಳೆದರೆ ಉಳಿಯುವುದು 108. ನಮ್ಮ ಬಂದರಿಗೆ ಬರುವ ಬೆಲೆ 105. ಹಡಗು ಬಾಡಿಗೆ 9, ವಿಮೆ 1, ಅವರ ಒಳನಾಡ ಸಾಗಣೆ ಮತ್ತು ಬಂದರು ಖರ್ಚು 5 ಕಳೆದರೆ 90. ವ್ಯತ್ಯಾಸ 18, ಅಂದರೆ ರಫ್ತು ಬೆಲೆಯ ಮೇಲೆ ಶೇ 20. ಏನನ್ನೂ ಕಳೆಯದೆ 120ಕ್ಕೂ 105ಕ್ಕೂ ಹೋಲಿಸಿದ್ದರೆ ಶೇ 14ರಷ್ಟೇ ಕಾಣುತ್ತಿತ್ತು. ಅಂತರ ಶೇ 2ಕ್ಕಿಂತ ಕಡಿಮೆಯಾದರೆ ಪ್ರಕರಣವೇ ಮುಚ್ಚುತ್ತದೆ. ದರ್ಜೆ, ದಪ್ಪ, ಪ್ಯಾಕಿಂಗ್ ಬೇರೆಯಾದ ಸರಕನ್ನು ಒಂದೇ ಸರಾಸರಿಗೆ ಸೇರಿಸಿದರೆ ಎದುರು ವಕೀಲರು ಮೊದಲು ಕೈಹಾಕುವುದೇ ಅಲ್ಲಿಗೆ.

ಹಾನಿ ತೋರಿಸಲು ಲಾಭನಷ್ಟ ಒಂದೇ ಸಾಲದು. ಮಾರಾಟ, ಮಾರುಕಟ್ಟೆ ಪಾಲು, ಸಾಮರ್ಥ್ಯ ಬಳಕೆ, ದಾಸ್ತಾನು, ಉದ್ಯೋಗ, ಕೂಲಿ ಎಲ್ಲವನ್ನೂ ಪರಿಶೀಲಿಸಲಾಗುತ್ತದೆ. ಕಾರ್ಮಿಕರ ಅಂಕಿಯಲ್ಲಿ ಎಡವುವವರೇ ಹೆಚ್ಚು: ಕಾಯಂ ನೌಕರರ ಸಂಖ್ಯೆ ಕದಲದೇ ಇರುತ್ತದೆ, ಪೆಟ್ಟು ತಿಂದವರು ಗುತ್ತಿಗೆಯವರು. ಅದಕ್ಕೇ ತಲೆ ಎಣಿಸುವುದರ ಜತೆಗೆ ಪಾಳಿ, ಓವರ್‌ಟೈಮ್ ಗಂಟೆ, ಗುತ್ತಿಗೆದಾರರ ಬಿಲ್ಲುಗಳನ್ನು ತಿಂಗಳುವಾರು ಜೋಡಿಸುತ್ತೇನೆ. ಕೆಲವು ದೇಶಗಳಲ್ಲಿ ಕಾರ್ಮಿಕ ಸಂಘವೇ ಅರ್ಜಿ ಹಾಕಬಹುದು, ಬೆಂಬಲಿಸಲೂಬಹುದು. ಅಲ್ಲಿ ಈ ದಾಖಲೆಗೆ ತೂಕ ಇನ್ನೂ ಹೆಚ್ಚು.

ಇನ್ನು ಕಾರಣದ ಪ್ರಶ್ನೆ. ಬೇಡಿಕೆ ಕುಸಿದಿತ್ತೇ, ಯಂತ್ರ ಕೆಟ್ಟು ಉತ್ಪಾದನೆ ನಿಂತಿತ್ತೇ, ನಮ್ಮದೇ ರಫ್ತು ಬಿತ್ತೇ, ಕಚ್ಚಾ ಸಾಮಗ್ರಿ ದುಬಾರಿಯಾಯಿತೇ? ಇವನ್ನು ಬಚ್ಚಿಡುವುದು ದಡ್ಡತನ. ಪರಿಶೀಲನೆಗೆ ಬಂದವರು ಯಂತ್ರದ ಲಾಗ್‌ಬುಕ್ ತೆರೆದರೆ ಸಿಕ್ಕೇ ಸಿಗುತ್ತದೆ. ಪ್ರತಿಯೊಂದರಿಂದ ಎಷ್ಟು ನಷ್ಟವಾಯಿತೆಂದು ನಾನೇ ಲೆಕ್ಕ ಹಾಕಿ ಬೇರ್ಪಡಿಸುತ್ತೇನೆ. ಉಳಿದದ್ದು ಆಮದಿನ ಏರಿಕೆ ಜತೆ ತಿಂಗಳಿಗೆ ತಿಂಗಳು ತಾಳೆಯಾಗಬೇಕು.

ಗೆದ್ದರೂ ಪೂರ್ತಿ ಶೇ 20 ಸಿಗುತ್ತದೆಂದಲ್ಲ. ಕಡಿಮೆ ಸುಂಕದ ನಿಯಮ, ಅಂದರೆ ಹಾನಿ ನೀಗಲು ಸಾಕಾಗುವಷ್ಟೇ ಸುಂಕ ಎಂಬ ನಿಯಮ ಪಾಲಿಸುವ ದೇಶದಲ್ಲಿ, ದೇಶೀಯ ಉದ್ಯಮಕ್ಕೆ ಹಾನಿಯಾಗದ ನ್ಯಾಯಬೆಲೆ 130, ಆಮದು ಸರಕು ಮಾಮೂಲಿ ಆಮದು ಸುಂಕ ಸೇರಿ ಇಳಿಯುವ ಬೆಲೆ 115 ಎಂದಾದರೆ ವ್ಯತ್ಯಾಸ 15; ಆ್ಯಂಟಿ-ಡಂಪಿಂಗ್ ಸುಂಕ ಇಳಿಯುವ ಬೆಲೆಯ ಶೇ 13ಕ್ಕೆ ನಿಲ್ಲುತ್ತದೆ. ಅದೂ ಸಾಮಾನ್ಯವಾಗಿ 5 ವರ್ಷಕ್ಕೆ. ಮುಂದುವರಿಸಬೇಕೆಂದರೆ ಅವಧಿ ಮುಗಿಯುವ ಮೊದಲೇ ಮರುಪರಿಶೀಲನೆ ಶುರುವಾಗಬೇಕು. ಹಾಗಾಗಿ ತಿಂಗಳುವಾರು ಕೋಷ್ಟಕ ತುಂಬುವುದನ್ನು ಸುಂಕ ಬಂದ ಮೇಲೂ ನಿಲ್ಲಿಸಬಾರದು.